ಗೋಡೆಗೆ ಬಂದ ದುಡ್ಡು

ಮಳವಳ್ಳಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಬಣ್ಣ ಬಳಿಯಲು ಹೋಗಿದ್ದೆ. ಒಳಗೆ ನಿಂತರೆ ಒಡೆದ ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು.

“ಮೊದಲು ಹೆಂಚು ಹಾಕಿಸಿ ಮೇಡಂ,” ಅಂದೆ.

“ಊರಿನ ಸಮಿತಿ ಹೆಂಚಿಗೇ ಕೇಳಿದ್ದು. ಬೆಂಗಳೂರಿನ ಆಫೀಸಿನವರು ದುಡ್ಡು ಬಣ್ಣಕ್ಕೆ ಅಂತ ಕಳಿಸಿದ್ದಾರೆ. ಬೇರೆಯದಕ್ಕೆ ಮುಟ್ಟಿದರೆ ನನ್ನ ಕೆಲಸ ಹೋಗುತ್ತೆ,” ಅಂದರು ಹೆಡ್‌ಮಿಸ್ಸು.

ಬಿಸಿಯೂಟದ ನಿಂಗಮ್ಮ ಒಲೆ ಮುಂದಿನಿಂದಲೇ ಕೂಗಿದಳು: “ಬಳಿ ಕಣಣ್ಣ, ಬಳಿ. ಮಕ್ಳು ನೆನ್ಕಂಡು ಗ್ವಾಡೆ ನೋಡ್ಲಿ.”

ಬಳಿದೆ. ಗೋಡೆಯ ಫೋಟೊ ಬೆಂಗಳೂರಿಗೆ ಹೋಯಿತು. ಸೂರಿನ ಫೋಟೊ ಯಾರೂ ಕೇಳಲಿಲ್ಲ.

ಆ ಮಳೆಗಾಲದಲ್ಲೇ ಊರಿನವರು ಮಕ್ಕಳನ್ನು ಒಬ್ಬೊಬ್ಬರಾಗಿ ಖಾಸಗಿ ಶಾಲೆಯ ವ್ಯಾನಿಗೆ ಹತ್ತಿಸಿದರು. ಈ ವರ್ಷ ಶಾಲೆಗೆ ಬೀಗ ಬಿದ್ದಿದೆ. ಮೊನ್ನೆ ಬಸ್ಸಿನಿಂದ ನೋಡಿದೆ. ಗೋಡೆ ನಿನ್ನೆ ಬಳಿದ ಹಾಗಿದೆ. ಅಷ್ಟು ಚೆನ್ನಾಗಿ ಬಳಿಯಬಾರದಿತ್ತು.