ನನಗೆ ಮಾತ್ರ ಬರುತ್ತಿದ್ದ ಸುಟ್ಟ ವಾಸನೆ

ನನಗೆ ಬಂದದ್ದು ಮೂರು ದಿನದ ಜ್ವರ. ಅದನ್ನು ಕಾಯಿಲೆ ಎಂದು ಹೇಳಿಕೊಳ್ಳಲೂ ಆಗ ನಾಚಿಕೆಯಾಗುತ್ತಿತ್ತು. ಕೊರೊನಾದ ಎರಡನೇ ಅಲೆಯ ಸಮಯ ಅದು. ನಮ್ಮ ಊರಿನಿಂದಲೇ ನಾಲ್ಕಾರು ಜನರನ್ನು ಆಂಬುಲೆನ್ಸಿನಲ್ಲಿ ಮೈಸೂರಿಗೆ ಸಾಗಿಸಿದ್ದರು, ಅವರಲ್ಲಿ ಇಬ್ಬರು ವಾಪಸು ಬರಲಿಲ್ಲ. ನಾನು ಹಿಂದಿನ ಕೋಣೆಯಲ್ಲಿ ಮಲಗಿ, ಮಾತ್ರೆ ನುಂಗಿ, ಅತ್ತೆ ಬಾಗಿಲ ಹತ್ತಿರ ಇಟ್ಟುಹೋದ ಮೆಣಸಿನ ಸಾರು ಕುಡಿದು, ನಾಲ್ಕನೇ ದಿನ ಎದ್ದು ಬಟ್ಟೆ ಒಗೆದೆ. ಆಶಾ ಕಾರ್ಯಕರ್ತೆ ಅಂಗಳದಲ್ಲೇ ನಿಂತು, "ಪುಣ್ಯವಂತೆ ಕಣಕ್ಕ ನೀವು, ಸುಮ್ನೆ ತಾಕಿ ಹೋಗ್ಬುಡ್ತು" ಎಂದಳು. ನಾನೂ ಹಾಗೆಯೇ ಅಂದುಕೊಂಡೆ. ಸಾರಿಗೆ ವಾಸನೆಯೇ ಇರಲಿಲ್ಲ ಎಂಬುದನ್ನು ದೊಡ್ಡದು ಮಾಡಲಿಲ್ಲ.

ಬೇರೆ ಯಾವ ಮನೆಯಲ್ಲಾದರೂ ಅದು ದೊಡ್ಡದಾಗುತ್ತಿರಲಿಲ್ಲವೇನೋ. ನಮ್ಮದು ಕಂಪಲಾಪುರದ ಹತ್ತಿರದ ಹಳ್ಳಿ, ಹೊಗೆಸೊಪ್ಪು ಬೆಳೆಯುವ ಮನೆ. ಹಿತ್ತಲಿನ ಆಚೆ ಬ್ಯಾರನ್ ಇದೆ. ಹೊಗೆಸೊಪ್ಪು ಬೇಯಿಸುವ ಎತ್ತರದ ಇಟ್ಟಿಗೆಯ ಮನೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಹಸಿ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ ಅದರೊಳಗೆ ಚಾವಣಿಯವರೆಗೆ ಸಾಲುಸಾಲಾಗಿ ನೇತುಹಾಕುತ್ತೇವೆ. ಸೌದೆಯ ಒಲೆ ಇರುವುದು ಹೊರಗೆ. ಅದರ ಬಿಸಿ ಒಳಗಿನ ನೆಲದ ಮೇಲೆ ಹಾಯಿಸಿದ ತಗಡಿನ ಕೊಳವೆಗಳಲ್ಲಿ ಓಡಾಡಿ, ಐದಾರು ದಿನ ಎಲೆಯನ್ನು ಹಳದಿ ಮಾಡಿ ಒಣಗಿಸುತ್ತದೆ. ಕೆಳಗಿನ ಸಾಲಿನ ಒಂದು ಒಣ ಎಲೆ ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು, ಒಳಗಿದ್ದದ್ದೆಲ್ಲ ಬೂದಿ. ಸೊಪ್ಪು ಬೇಯಿಸುವ ಎರಡು ಮೂರು ತಿಂಗಳು ಈ ಭಯ ಮನೆಯವರ ಜೊತೆಯೇ ಊಟಕ್ಕೆ ಕೂರುತ್ತದೆ.

ನಾನು ಕೆ.ಆರ್. ನಗರದ ಕಡೆಯವಳು. ಗದ್ದೆ, ನಾಲೆ, ಭತ್ತ ನೋಡಿ ಬೆಳೆದವಳು. ಹೊಗೆಸೊಪ್ಪು ಎಂದರೆ ನನಗೆ ಅಜ್ಜಿಯ ಬಾಯಲ್ಲಿದ್ದ ಕಡ್ಡಿಪುಡಿ, ಅಷ್ಟೇ. ಮದುವೆಯಾಗಿ ಬಂದ ವರ್ಷ ಒಂದು ಬೆಳಗ್ಗೆ ಬ್ಯಾರನ್ನಿನ ಪಕ್ಕದಲ್ಲಿ ನೀರು ಹೊತ್ತುಕೊಂಡು ಹೋಗುತ್ತ, "ಮಾವ, ಇವತ್ತು ಬೆಲ್ಲ ಕಾಯಿಸ್ದಂಗೆ ವಾಸ್ನೆ ಬತ್ತಾ ಅದೆ" ಎಂದಿದ್ದೆ. ನನ್ನ ಗಂಡನ ತಂದೆ ಎದ್ದುಹೋಗಿ ಕಿಂಡಿಯಲ್ಲಿ ಬ್ಯಾಟರಿ ಬಿಟ್ಟು ನೋಡಿದರು. ಎಲೆ ಆಗಷ್ಟೇ ಹಳದಿಗೆ ತಿರುಗಿ, ಉರಿ ಏರಿಸುವ ಹದಕ್ಕೆ ಬಂದಿತ್ತು. ಸಣ್ಣ ವಯಸ್ಸಿನಿಂದ ನಶ್ಯ ಏರಿಸಿ ಏರಿಸಿ ಮಾವ ತಮ್ಮ ಮೂಗನ್ನು ಮುಕ್ಕಾಲು ಕೊಂದುಕೊಂಡಿದ್ದರು. ಆವತ್ತಿನಿಂದ ಒಲೆಗೆ ವಿಭೂತಿ ಹಚ್ಚಿ ಬೆಂಕಿ ಹಾಕಿದ ಮೇಲೆ ದಿನಕ್ಕೆ ಎರಡು ಸಲ ನನ್ನನ್ನು ಕರೆಯುವುದು ರೂಢಿಯಾಯಿತು. ನಾನು ಗಾಳಿಕಿಂಡಿಯ ಹತ್ತಿರ ನಿಂತು ಉಸಿರೆಳೆದು, ಹಸಿ ಇದೆ, ಇನ್ನು ಅರ್ಧ ದಿನ ಬೇಕು, ಈಗ ಏರಿಸಿ ಎಂದು ಹೇಳುವುದು, ಅವರು ಹಾಗೆಯೇ ಮಾಡುವುದು. ಥರ್ಮಾಮೀಟರ್ ಇತ್ತು. ಆದರೂ ಮಾವ ಕಾಯುತ್ತಿದ್ದದ್ದು ನನ್ನ ಮಾತಿಗೆ. ನಾನು ಓದಿದ ಬಿ.ಎ. ಆ ಮನೆಯಲ್ಲಿ ಯಾರಿಗೂ ಬೇಕಿರಲಿಲ್ಲ, ಮೂಗು ಬೇಕಿತ್ತು. ಜಂಬ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಕ್ಕಪಕ್ಕದ ಬ್ಯಾರನ್ನಿನವರೂ ಕರೆದಾಗ ಸೆರಗು ಸಿಕ್ಕಿಸಿಕೊಂಡು ದೊಡ್ಡ ಡಾಕ್ಟರಂತೆ ಹೋಗುತ್ತಿದ್ದೆ.

ಜ್ವರ ಬಂದ ವರ್ಷ ಮೊದಲ ಸಲ ಬ್ಯಾರನ್ ತುಂಬಿ ಒಲೆ ಹಚ್ಚಿದಾಗ ಕಿಂಡಿಯ ಹತ್ತಿರ ನಿಂತೆ. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಬೇರೇನೂ ಇಲ್ಲ. ಮಾವ ಹಿಂದೆ ನಿಂತು ಕಾಯುತ್ತಿದ್ದರು.

"ಏನೂ ಗೊತ್ತಾಗ್ತಿಲ್ಲ ಮಾವ" ಎಂದೆ.

"ಬತ್ತದೆ ಬುಡವ್ವ, ಎಲ್ಲೋಯ್ತದೆ" ಎಂದು ಅವರು ಹೋಗಿ ಥರ್ಮಾಮೀಟರ್ ನೋಡಿದರು. ಅವರು ಅದನ್ನು ನೋಡಿದ್ದಕ್ಕೇ ನನಗೆ ಅಳು ಬಂತು.

ಮೂಗು ಬರಲಿಲ್ಲ. ಅದರ ಬದಲು ಇನ್ನೊಂದು ಬಂತು. ಜ್ವರ ಬಿಟ್ಟು ಎರಡು ತಿಂಗಳಾಗಿರಬೇಕು, ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದೆ. ಇದ್ದಕ್ಕಿದ್ದಂತೆ ಕೂದಲು ಸುಟ್ಟಂಥ, ಹಳೇ ಟೈರು ಸುಟ್ಟಂಥ ವಾಸನೆ. ಒಲೆ ನೋಡಿದೆ, ಆರಿತ್ತು. ಸ್ವಿಚ್ಚುಗಳನ್ನು ಮುಟ್ಟಿ ನೋಡಿದೆ. ಹಿತ್ತಲಿಗೆ ಓಡಿದೆ. ಬ್ಯಾರನ್ ತನ್ನ ಪಾಡಿಗೆ ತಾನು ನಿಂತಿತ್ತು. ಆದರೆ ವಾಸನೆ ಬಿಡಲಿಲ್ಲ, ಹೋದಲ್ಲೆಲ್ಲ ನನ್ನ ಜೊತೆಗೇ ಬಂತು. ಕೂಗಿಕೊಂಡೆ. ಗಂಡ ಹೊಲದಿಂದ ಓಡಿಬಂದು, ಎಲ್ಲೂ ಹೊಗೆ ಕಾಣದ್ದರಿಂದ ಬ್ಯಾರನ್ನಿನ ಬಾಗಿಲು ತೆಗೆದು ನೋಡಿದರು. ಒಳಗೆ ಬೆಂಕಿಯ ಸುಳಿವಿಲ್ಲ. ಹದವಾಗಿ ಹಳದಿಗೆ ತಿರುಗುತ್ತಿದ್ದ ಸೊಪ್ಪಿಗೆ ಹೊರಗಿನ ಥಂಡಿ ಗಾಳಿ ನುಗ್ಗಿ, ಆ ಸಲದ ಸೊಪ್ಪಿನಲ್ಲಿ ಅರ್ಧ ಮಚ್ಚೆಮಚ್ಚೆಯಾಯಿತು.

ಹುಣಸೂರಿನಲ್ಲಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿದೆವು. ಜ್ವರ ಮೂಗಿನ ನರವನ್ನು ಕೆಡಿಸಿದೆ, ಅದು ಮತ್ತೆ ಚಿಗುರುವಾಗ ಹೀಗೆ ಇಲ್ಲದ ವಾಸನೆ ತೋರಿಸುತ್ತದೆ, ಹೆದರಬೇಡಿ ಎಂದರು. ಬೆಳಗ್ಗೆ ಸಂಜೆ ಲವಂಗ, ನಿಂಬೆಹಣ್ಣು, ನೀಲಗಿರಿ ಎಣ್ಣೆ ಮೂಸಲು ಹೇಳಿದರು. ಎಷ್ಟು ದಿನಕ್ಕೆ ಹೋಗುತ್ತದೆ ಎಂದು ಕೇಳಿದೆ. ಹೇಳಲಾಗದು, ತಿಂಗಳುಗಳೂ ಆಗಬಹುದು, ವರ್ಷವೂ ಆಗಬಹುದು ಎಂದರು. ನಾನು ಮೂಸಿದೆ. ಮೂರಕ್ಕೂ ಒಂದೇ ವಾಸನೆ, ಅದೇ ಸುಟ್ಟದ್ದು. ಈರುಳ್ಳಿ ಒಗ್ಗರಣೆ ಹಾಕಿದರೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಓಡುತ್ತಿದ್ದೆ. ಕಾಫಿಯನ್ನು ಬಿಟ್ಟೇಬಿಟ್ಟೆ. ಮಗಳ ತಲೆ ಬಾಚುವಾಗ ಉಸಿರು ಬಿಗಿಹಿಡಿದುಕೊಳ್ಳುತ್ತಿದ್ದೆ, ಏಕೆಂದರೆ ಅವಳ ಕೂದಲೂ ಸುಟ್ಟಂತೆ ನಾರುತ್ತಿತ್ತು. ತಾಯಿಯಾದವಳಿಗೆ ಇದಕ್ಕಿಂತ ಕೆಟ್ಟದ್ದು ಏನಿದೆಯೋ ನನಗೆ ಗೊತ್ತಿಲ್ಲ.

ಇಲ್ಲದ ವಾಸನೆ ಎಂದು ತಿಳಿದ ಮೇಲೂ ಸುಮ್ಮನಿರಲಾಗುತ್ತಿರಲಿಲ್ಲ. ಮುಂದಿನ ಸಲ ಸೊಪ್ಪು ಬೇಯುವಾಗ ಮತ್ತೊಮ್ಮೆ ಕೂಗಿಕೊಂಡೆ. ಈ ಸಲ ಒಲೆಯ ಬೆಂಕಿಯನ್ನೇ ಹೊರಗೆಳೆದು ನೀರು ಹಾಕಿದರು, ಅಕ್ಕಪಕ್ಕದವರು ಕೊಡ ಹಿಡಿದು ಬಂದರು. ಏನೂ ಇರಲಿಲ್ಲ. ಎಲ್ಲರೂ ಹೋದ ಮೇಲೆ ಗಂಡ, "ನಿನ್ನ ಕೈ ಮುಗೀತೀನಿ, ಇನ್ ಬ್ಯಾರನ್ ವಿಚಾರಕ್ಕೆ ಬರಬ್ಯಾಡ" ಎಂದರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ನನಗೂ ಬಾಯಿದೆ. ಅವರು ನಿಜವಾಗಿಯೂ ಕೈ ಮುಗಿದರು. ಬಾವಿಕಟ್ಟೆಯಲ್ಲಿ ಹೆಂಗಸರು, "ಏನಕ್ಕ, ಇವತ್ತು ಯಾರ್ ಮನೆ ಸುಡ್ತಾ ಅದೆ" ಎಂದು ಕೇಳತೊಡಗಿದರು. ನಾನೂ ನಗುತ್ತ, "ನಿಮ್ದೇ ಕಣ್ರವ್ವ" ಎನ್ನುತ್ತಿದ್ದೆ. ಒಳಗೆ ಮಾತ್ರ ಒಂದು ನಿರ್ಧಾರ ಮಾಡಿಕೊಂಡಿದ್ದೆ. ಇನ್ನು ಏನೇ ವಾಸನೆ ಬರಲಿ, ಬಾಯಿ ಬಿಡುವುದಿಲ್ಲ.

ಅದು ಕೊನೆಯ ಸಲದ ಸೊಪ್ಪು. ಐದನೇ ದಿನ, ಎಲೆ ಒಣಗಿ ದಂಟು ಒಣಗುವ ಹೊತ್ತು. ಉರಿ ಜೋರಾಗಿರುವುದು ಆಗಲೇ. ಮಧ್ಯಾಹ್ನ ಊಟವಾಗಿ ಗಂಡ ಪಕ್ಕದ ಪೇಟೆ ಕೊಪ್ಪಕ್ಕೆ ಹೋಗಿದ್ದರು, ಅತ್ತೆ ಮಗಳೊಂದಿಗೆ ಒಳಗೆ ಮಲಗಿದ್ದರು. ನಾನೂ ಮಾವನೂ ಚಪ್ಪರದಡಿ ಕೂತು ಹಿಂದಿನ ಸಲ ಬೇಯಿಸಿದ ಎಲೆಗಳನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಿದ್ದೆವು. ಬ್ಯಾರನ್ ಇಪ್ಪತ್ತು ಹೆಜ್ಜೆ ದೂರ.

ಬೆಳಗಿನಿಂದಲೂ ಆ ಟೈರಿನ ವಾಸನೆ ನನ್ನ ಮೂಗಿನಲ್ಲಿತ್ತು. ಅದಕ್ಕೆ ಒಗ್ಗಿಹೋಗಿದ್ದೆ. ಆ ಹೊತ್ತಿಗೆ ಅದರ ಅಡಿಯಿಂದ ಇನ್ನೊಂದು ಎದ್ದಿತು. ಸಿಹಿಯಾದದ್ದು, ಪಾಕ ತಳ ಹಿಡಿದಂಥದ್ದು, ಒಣಗಿದ ಸೊಪ್ಪು ಸೀಯುವಾಗ ಬರುವಂಥದ್ದು. ನಾಲ್ಕೈದು ತಿಂಗಳಿನಿಂದ ನನಗೆ ಸಿಹಿ ವಾಸನೆ ಯಾವುದೂ ಬಂದಿರಲಿಲ್ಲ. ಕೈಯಲ್ಲಿದ್ದ ಎಲೆ ಹಾಗೇ ನಿಂತಿತು. ತಲೆ ಎತ್ತಿದೆ. ಮಾವ ನನ್ನನ್ನೇ ನೋಡುತ್ತಿದ್ದರು.

ಅವರ ಆ ನೋಟವನ್ನು ನಾನು ಎಚ್ಚರಿಕೆ ಎಂದುಕೊಂಡೆ. ಶುರು ಮಾಡಬೇಡವ್ವ, ಮತ್ತೆ ಶುರು ಮಾಡಬೇಡ ಎನ್ನುವಂತೆ ಕಂಡಿತು. ನಾಚಿಕೆಯಿಂದ ತಲೆ ತಗ್ಗಿಸಿ ಎಲೆಯನ್ನು ಅದರ ಗುಡ್ಡೆಗೆ ಹಾಕಿದೆ. ಇನ್ನೊಂದು ಎಲೆ ತೆಗೆದುಕೊಂಡೆ. ಅವರೂ ತಲೆ ತಗ್ಗಿಸಿದರು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ನನ್ನ ಲೆಕ್ಕದಲ್ಲಿ ಹತ್ತು ಹನ್ನೆರಡು ಎಲೆಗಳಷ್ಟು ಹೊತ್ತು. ಆ ಎಲೆಗಳು ಇವತ್ತಿಗೂ ನನ್ನ ಕೈಯಲ್ಲಿ ಹಾದುಹೋಗುತ್ತವೆ.

ಆಮೇಲೆ ಬ್ಯಾರನ್ನಿನ ಹೆಂಚಿನ ಸಂದಿಯಿಂದ ಹೊಗೆ ಬಂತು. ಅದು ಕಣ್ಣಿಗೆ ಕಂಡ ಹೊಗೆ, ಅದಕ್ಕೆ ಮೂಗು ಬೇಕಿರಲಿಲ್ಲ. ನಾನು ಕೂಗುವಷ್ಟರಲ್ಲಿ ಮಾವ ಎದ್ದು ಓಡಿದ್ದರು. ಉರಿಯುವ ಬ್ಯಾರನ್ನಿನ ಬಾಗಿಲು ತೆಗೆಯಬಾರದು, ತೆಗೆದರೆ ಗಾಳಿ ಸಿಕ್ಕಿ ಬೆಂಕಿ ಎದುರಿಗೇ ನುಗ್ಗುತ್ತದೆ ಎಂದು ನಮ್ಮೂರ ಮಕ್ಕಳಿಗೂ ಗೊತ್ತು. ಮಾವ ಕಾದ ಕಬ್ಬಿಣದ ಅಗುಳಿಯನ್ನು ಬರಿಗೈಯಲ್ಲಿ ಹಿಡಿದು ತೆಗೆದರು. ಬೆಂಕಿ ಅವರ ಮೇಲೇ ನುಗ್ಗಿತು, ಬ್ಯಾರನ್ ಪೂರ್ತಿ ಸುಟ್ಟುಹೋಯಿತು. ಅಷ್ಟು ಬಲ್ಲವರು ಏಕೆ ಹಾಗೆ ಮಾಡಿದರೆಂದು ಆಗ ಯಾರಿಗೂ ಅರ್ಥವಾಗಲಿಲ್ಲ. ವಯಸ್ಸಾಯಿತು, ಗಾಬರಿಯಾದರು ಎಂದರು.

ಹದಿನೆಂಟು ದಿನ ಅವರನ್ನು ಮೈಸೂರಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಜೀವಕ್ಕೇನೂ ಆಗಲಿಲ್ಲ. ಬಲಗೈಯ ಬೆರಳುಗಳು ಒಳಕ್ಕೆ ಮಡಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ಮುದ್ದೆಯನ್ನು ಈಗ ಎಡಗೈಯಲ್ಲಿ ಮುರಿಯುತ್ತಾರೆ. ನೆಂಟರ ಮನೆಯಲ್ಲಿ ಊಟಕ್ಕೆ ಕೂರುವುದನ್ನು ನಿಲ್ಲಿಸಿದ್ದಾರೆ.

ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. "ಅವಳಿಗೆ ಮೂಗೇ ಇಲ್ಲ, ಅವಳೇನ್ ಮಾಡಾಳು ಪಾಪ" ಎಂದು ಅತ್ತೆಯೇ ಬಂದವರಿಗೆಲ್ಲ ಹೇಳಿದರು. ಗಂಡ ಕೂಡ, "ನೀನ್ ಸರಿಯಿದ್ದಿದ್ರೆ ಇಂಗಾಗ್ತಿರ್ಲಿಲ್ಲ" ಎಂದು ತಲೆ ಸವರಿದರು. ಅವರು ಕೊಟ್ಟ ಆ 'ಪಾಪ' ಎಂಬ ಪಟ್ಟವನ್ನು ನಾನು ಬೇಡ ಎನ್ನಲಿಲ್ಲ. ಹೌದು, ನನಗೇನೂ ಗೊತ್ತಾಗಲಿಲ್ಲ ಎಂದೆ. ಮೊದಲ ಸಲ ಹೇಳುವಾಗ ನಾಲಿಗೆ ತಡೆಯಿತು, ಮೂರನೇ ಸಲಕ್ಕೆ ರೂಢಿಯಾಯಿತು.

ಮಾರನೇ ವರ್ಷ ಕೊಪ್ಪದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಒಬ್ಬಾಕೆ ಕೊಡಗಿನ ಕಿತ್ತಳೆ ಸುಲಿದಳು. ನನ್ನ ಕಣ್ಣಲ್ಲಿ ನೀರು ತುಂಬಿತು. ಅದು ಕಿತ್ತಳೆಯದ್ದೇ ವಾಸನೆ. ಎಷ್ಟೋ ತಿಂಗಳ ಮೇಲೆ ಒಂದು ವಸ್ತು ತನ್ನದೇ ವಾಸನೆಯಲ್ಲಿ ನನ್ನ ಹತ್ತಿರ ಬಂದಿತ್ತು. ಓಡಿಹೋಗಿ ಎಲ್ಲರಿಗೂ ಹೇಳಬೇಕೆನಿಸಿತು. ಬಸ್ಸು ಬರುವಷ್ಟರಲ್ಲಿ ಹೆದರಿಕೆ ಶುರುವಾಗಿತ್ತು. ಮೂಗು ಬಂತು ಎಂದರೆ, ಯಾವಾಗಿನಿಂದ ಎಂದು ಕೇಳುತ್ತಾರೆ. ಮನೆಗೆ ಹೋಗಿ ಏನೂ ಹೇಳಲಿಲ್ಲ. ಒಂದೊಂದಾಗಿ ಎಲ್ಲ ಮರಳಿದವು, ಒಗ್ಗರಣೆ, ಸಗಣಿ, ಸೀಗೆಪುಡಿ, ಮಗಳ ತಲೆ. ಕಳ್ಳಮಾಲಿನ ಹಾಗೆ ಅವನ್ನೆಲ್ಲ ಬಚ್ಚಿಟ್ಟುಕೊಂಡೆ. ಅನ್ನ ಸೀದರೂ ಅತ್ತೆ ಹೇಳುವವರೆಗೆ ಕಾದೆ.

ಅದರ ಮುಂದಿನ ವರ್ಷ ಬ್ಯಾರನ್ ಮತ್ತೆ ಕಟ್ಟಿಸಿದೆವು. ಹೊಸ ಗೋಡೆಗೆ ಸುಣ್ಣ ಬಳಿದ ದಿನ ಬೆಳಗ್ಗೆ ಮಾವ ಕಟ್ಟೆಯ ಮೇಲೆ ಕೂತಿದ್ದರು. ಕಾಫಿ ಕೊಡಲು ಹೋದೆ. ಎಡಗೈಯಲ್ಲಿ ಲೋಟ ಹಿಡಿದು, ಕುಡಿಯದೆ, ನನ್ನ ಮುಖ ನೋಡದೆ ಕೇಳಿದರು.

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಆವತ್ತು ಚಪ್ರದಲ್ಲಿ ಕುಂತಿದ್ವಲ್ಲ. ನಿಂಗೇನಾದ್ರೂ ಗಮಲು ಬಂದಿತ್ತಾ?"

ಕೇಳಿದ ದನಿಯಲ್ಲಿ ಆರೋಪ ಇರಲಿಲ್ಲ. ಆದರೂ ನನ್ನ ಬಾಯಿ ಎರಡು ವರ್ಷದಿಂದ ಹೇಳಿ ಹೇಳಿ ಸವೆದದ್ದನ್ನೇ ಹೇಳಿತು.

"ಇಲ್ಲ ಮಾವ. ನಂಗೇನೂ ಗೊತ್ತಾಗ್ಲಿಲ್ಲ."

ಅವರು ಲೋಟವನ್ನು ಕಟ್ಟೆಯ ಮೇಲೆ ಇಟ್ಟರು. ಆಮೇಲೆ ನಿಧಾನವಾಗಿ, ಯಾರಿಗೋ ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು.

"ನಂಗೆ ಬಂದಂಗಾಗಿತ್ತು ಕಣವ್ವ. ಪಾಕ ಸೀದಂಗೆ. ಈ ನಶ್ಯದ ಮೂಗು, ನಂಬೋದೋ ಬ್ಯಾಡ್ವೋ ಅಂತ ನಿನ್ ಮುಖ ನೋಡ್ದೆ. ಊರೋರು ಏನೇ ಅನ್ಲಿ, ಸೊಪ್ಪಿನ ಗಮಲಲ್ಲಿ ನೀನ್ ಯಾವತ್ತೂ ತಪ್ಪಿದೋಳಲ್ಲ. ನೀನೇ ಸುಮ್ಕೆ ಕುಂತಿದ್ದೀಯಲ್ಲ, ಏನೂ ಇರಾಕಿಲ್ಲ ಅಂತ ನಾನೂ ಸುಮ್ಕಾದೆ."

ಊರೆಲ್ಲ ನನ್ನ ಮೂಗನ್ನು ನೋಡಿ ನಗುತ್ತಿದ್ದಾಗ, ಗಂಡ ಕೈ ಮುಗಿದು ಬೇಡಿಕೊಂಡಾಗ, ಈ ಒಬ್ಬರು ಇನ್ನೂ ಅದನ್ನೇ ನಂಬಿಕೊಂಡು ಕೂತಿದ್ದರು. ಈಗಲಾದರೂ ಹೇಳಬಹುದಿತ್ತು. ನನಗೂ ಬಂದಿತ್ತು ಮಾವ, ನಿಮ್ಮ ಮೂಗು ಸರಿಯಾಗಿಯೇ ಇತ್ತು, ತಪ್ಪು ನನ್ನದು ಎಂದು. ನಾಲ್ಕು ಮಾತು ಸಾಕಿತ್ತು. ಅದರ ಬದಲು ಆರಿದ ಕಾಫಿಯ ಲೋಟ ಎತ್ತಿಕೊಂಡೆ.

ಮಾವ ಮಡಚಿಕೊಂಡ ಬೆರಳುಗಳನ್ನು ಎಡಗೈಯಿಂದ ಒಮ್ಮೆ ಒತ್ತಿಕೊಂಡರು.

"ಅಂಗಾದ್ರೆ ನಂಗೊಬ್ಬಂಗೇ ಬಂದಿದ್ದು. ನಾನೇ ಎದ್ದು ನೋಡ್ಬೇಕಿತ್ತು. ಹೊಗೆ ಕಂಡಾಗ ಆ ತಪ್ಪು ತಡೀನಾರ್ದೇ ಅಗುಳಿಗೆ ಕೈ ಹಾಕ್ಬುಟ್ಟೆ. ನಿಂದೇನಿಲ್ಲ, ಓಗು."

ನಾನು ಒಳಗೆ ಹೋದೆ. ಅದಾಗಿ ಎರಡು ಸಲ ಬ್ಯಾರನ್ ಹಚ್ಚುವ ಕಾಲ ಬಂದು ಹೋಗಿದೆ. ಒಲೆಗೆ ಬೆಂಕಿ ಹಾಕಿದ ದಿನದಿಂದ ಮಾವ ರಾತ್ರಿ ಹಗಲು ಅದರ ಮುಂದೆಯೇ ಕೂರುತ್ತಾರೆ, ಯಾರು ಕರೆದರೂ ಏಳುವುದಿಲ್ಲ. ನಶ್ಯ ಬಿಟ್ಟಿದ್ದಾರೆ. ಮಾವನಿಗೆ ಅಂಕಿ ಬಿಟ್ಟರೆ ಅಕ್ಷರ ಓದಲು ಬರುವುದಿಲ್ಲ, ಅದಕ್ಕೇ ಇದನ್ನು ಬರೆಯಲು ನನಗೆ ಧೈರ್ಯ ಬಂದಿದೆ.