ಎಲ್ಲಿಗೆ ಅಂತ ಕೇಳಬಾರದು

ಪುಟ್ಟಲಕ್ಷ್ಮಮ್ಮನಿಗೆ ಮನೆಯಲ್ಲಿ ಕೂರುವುದೆಂದರೆ ಆಗದು. ಉಯ್ಯಂಬಳ್ಳಿ ಕಡೆಯ ಹುಣಸೇದೊಡ್ಡಿಗೆ ಸೊಸೆಯಾಗಿ ಬಂದಾಗಿನಿಂದ ನಾಮಕರಣವಿರಲಿ, ತಿಥಿಯಿರಲಿ, ಕರೆದವರ ಮನೆಗೂ ಹೋದಳು, ಕರೆಯದವರ ಮನೆಗೂ ಹೋದಳು. ಕೆಂಗಲ್ ಆಂಜನೇಯನಿಗೆ ಹರಕೆ ಎಂದು ಹೊರಟವಳು ದಾರಿಯ ನೆಂಟರನ್ನೆಲ್ಲ ಮಾತಾಡಿಸಿಕೊಂಡು ವಾರ ಕಳೆದು ಬಂದದ್ದುಂಟು. "ಕಾಲಿಗೆ ಚಕ್ರ ಕಟ್ಕೊಂಡವ್ಳೆ" ಎಂದು ಗಂಡ ಕಾಳಯ್ಯ ಕುರಿಗಳ ಮುಂದೆ ಗೊಣಗುತ್ತಿದ್ದ. ಕುರಿಗಳು ಎದುರಾಡುವುದಿಲ್ಲ ನೋಡಿ.

ಕೊನೆಗೆ ಆ ಕಾಲೇ ಕೈಕೊಟ್ಟಿತು. ಮಂಡಿನೋವು ಹತ್ತಿಕೊಂಡ ಮೇಲೆ ಬಸ್ಸು ಸಿಗುವ ಮೇನ್ ರೋಡಿನವರೆಗೆ ನಡೆಯಲಾಗದೆ, ಒಂದು ವರ್ಷದಿಂದ ಜಗಲಿ ಬಿಟ್ಟು ಕದಲಿರಲಿಲ್ಲ. ಊರೊಳಕ್ಕೆ ಬಸ್ಸು ಬಿಡಿ ಎಂದರೆ ಡಿಪೋದವರದು ಒಂದೇ ರಾಗ: "ಇರೋದೇ ಒಂದು ಬೀದಿ, ಹತ್ತೋರು ಯಾರು?" ಪುಟ್ಟಲಕ್ಷ್ಮಮ್ಮ ಬಿಟ್ಟಾಳೆಯೇ? ಜಗಲಿಯಲ್ಲಿ ಕೂತೇ ಫೋನಿನಲ್ಲಿ ಅವರ ಜೀವ ತಿಂದಳು. ಅವರೂ ಸೋತು, ಒಂದು ದಿನ ಬಸ್ಸು ಕಳಿಸುತ್ತೇವೆ, ಜನ ಹತ್ತಿದರೆ ದಿನಾ ಬರುತ್ತದೆ, ಹತ್ತದಿದ್ದರೆ ಮತ್ತೆ ಫೋನ್ ಮಾಡಬೇಡಿ ಎಂದರು.

ಬಸ್ಸು ಬಂತು. ಅರಳಿಕಟ್ಟೆ ಹತ್ತಿರ ನಿಂತಿತು. ಜನರನ್ನು ಎಣಿಸಲು ಬಂದಿದ್ದ ಸಾಹೇಬರು ಅಶೋಕ್, ಪಟ್ಟಣದ ಹುಡುಗ, ಬಾಗಿಲಲ್ಲಿ ಪೆನ್ನು ಹಿಡಿದು ನಿಂತು, ಮೊದಲು ಬಂದ ಲಿಂಗಯ್ಯನನ್ನು ನಗುನಗುತ್ತಾ ಕೇಳಿದರು: "ಎಲ್ಲಿಗೆ ಹೋಗ್ತಿದ್ದೀರಾ?"

ಅಯ್ಯೋ, ಕೆಟ್ಟಿತಲ್ಲ! ಹೊರಟವರನ್ನು ಎಲ್ಲಿಗೆ ಎಂದು ಯಾರಾದರೂ ಕೇಳುತ್ತಾರೆಯೇ? ಕೇಳಿದರೆ ಹೋದ ಕೆಲಸ ಆದ ಹಾಗೇ! 'ದೂರ ಹೊರಟ್ರಾ' ಎನ್ನಬೇಕು, ಅಷ್ಟೂ ತಿಳಿಯದೇ? ಮಗನಿಗೆ ಹೆಣ್ಣು ನೋಡಲು ಹೊರಟಿದ್ದ ಲಿಂಗಯ್ಯ ಮುಖ ಗಂಟಿಕ್ಕಿಕೊಂಡು ಮನೆ ಕಡೆ ತಿರುಗಿದ. ಹಲ್ಲು ಕೀಳಿಸಲು ಹೊರಟಿದ್ದ ರಾಮಲಿಂಗಯ್ಯನೂ ದವಡೆ ಹಿಡಿದುಕೊಂಡು ತಿರುಗಿದ. ಸಾಹೇಬರು ಪಾಪ ಇನ್ನೂ ಮರ್ಯಾದೆಯಿಂದ ಕೇಳುತ್ತ ಹೋದರು, ಜನ ಇನ್ನೂ ಬೇಗ ಹಿಂತಿರುಗುತ್ತ ಹೋದರು.

ಕೋಲೂರಿಕೊಂಡು ನಿಧಾನಕ್ಕೆ ಬರುತ್ತಿದ್ದ ಪುಟ್ಟಲಕ್ಷ್ಮಮ್ಮನಿಗೆ ಇಡೀ ಊರೇ ಎದುರಾಯಿತು.

"ಯಾಕ್ರಲಾ ವಾಪಸ್ ಬತ್ತಿದ್ದೀರಿ?"

"ಎಲ್ಲಿಗೆ ಅಂತ ಕೇಳ್ಬುಟ್ಟ ಕಣತ್ತಿಗೆ," ಎಂದ ಲಿಂಗಯ್ಯ. "ಒಸಿ ಕೂತು, ನೀರು ಕುಡ್ದು ಬತ್ತೀವಿ."

"ನೀವು ನೀರು ಕುಡಿಯೋ ಹೊತ್ಗೆ ಬಸ್ಸೇ ಹೊಂಟೋಯ್ತದೆ!"

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತ ಡ್ರೈವರ್ ಇಂಜಿನ್ ಶುರು ಮಾಡಿದ. ಈ ಬಸ್ಸು ಹೋದರೆ ಮತ್ತೆ ಜಗಲಿಯೇ ಗತಿ. ಪುಟ್ಟಲಕ್ಷ್ಮಮ್ಮ ಕೋಲನ್ನು ಬೀದಿಗೆ ಅಡ್ಡ ಹಿಡಿದು ನಿಂತಳು.

"ಲಿಂಗಯ್ಯಾ, ಎಲ್ಲಿಗ್ಲಾ ಹೊಂಟೆ?"

"ಮನೆಗೆ..."

"ಕೇಳ್ಬುಟ್ಟೆ ನೋಡು! ಇನ್ನು ಮನೆಗೆ ಹೋಗೋದೂ ಕೆಟ್ಟೋಯ್ತು. ತಿರುಗ್ಲಾ ಬಸ್ ಕಡೀಕೆ!"

ಲಿಂಗಯ್ಯ ತಲೆ ಕೆರೆದುಕೊಂಡು ಬಸ್ಸಿನ ಕಡೆ ತಿರುಗಿದ. ಮಾತು ನ್ಯಾಯವಾಗಿತ್ತಲ್ಲ, ಏನು ಮಾಡುತ್ತಾನೆ? ಅವಳು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿ ಎಲ್ಲಿಗೆ, ಎಲ್ಲಿಗೆ ಎಂದು ಕೇಳಿದಳು. ಕುರಿ ಹೊಡೆದುಕೊಂಡು ಬಂದ ಹಾಗೆ ಊರನ್ನು ಬಸ್ಸಿಗೆ ತುಂಬಿದಳು. ಗದ್ದಲ ನೋಡಿ ಮೆಲ್ಲಗೆ ಕೊಟ್ಟಿಗೆಗೆ ನುಸುಳುತ್ತಿದ್ದ ಕಾಳಯ್ಯನನ್ನೂ ಬಿಡಲಿಲ್ಲ. ಎಲ್ಲಿಗೂ ಹೋಗಬೇಕಿರದ ಆತ ಶಾಪ ಹಾಕುತ್ತಾ ಕಿಟಕಿ ಪಕ್ಕ ಕೂತ.

ಕೊನೆಗೆ ಅವಳೂ ಮೆಟ್ಟಿಲ ಬಳಿ ಬಂದಳು. ಅಶೋಕ್ ಅಭ್ಯಾಸದಂತೆ ಕೇಳಿಯೇಬಿಟ್ಟರು: "ಅಮ್ಮಾ, ನೀವೆಲ್ಲಿಗೆ?"

ಬಸ್ಸಿನೊಳಗಿದ್ದವರೆಲ್ಲ ಬಾಗಿಲ ಕಡೆ ಕತ್ತು ಚಾಚಿದರು.

"ನಾನಾ? ಎಲ್ಲಿಗೂ ಇಲ್ಲ ಕಣಪ್ಪಾ. ಕೆಲಸಾನೂ ಇಲ್ಲ, ಯಾರೂ ಕರ್ದೂ ಇಲ್ಲ. ಎದುರುಮನೆ ಗೋಡೆ ನೋಡಿ ನೋಡಿ ಜೀವ ಸಾಕಾಗೈತೆ. ಬಸ್ಸು ಎಲ್ಲಿಗಂಟ ಹೋಯ್ತದೋ ಅಲ್ಲಿಗಂಟ ಹೋಗಿ, ಕೆಳೀಕೂ ಇಳೀದಂಗೆ ವಾಪಸ್ ಬತ್ತೀನಿ. ಒಸಿ ಕೈ ಕೊಡಪ್ಪಾ."

ಅಶೋಕ್ ಪೆನ್ನನ್ನು ಜೇಬಿಗೆ ಸಿಕ್ಕಿಸಿ ಎರಡೂ ಕೈ ಚಾಚಿದರು.

"ಇವತ್ತು ಕೂತು ಬನ್ನಿ ಅಮ್ಮಾ," ಎಂದರು. "ಇಳಿಯೋದು ನಾಳೆ ಇಳೀರಿ."