ನಮ್ಮ ಕಡೆಯ ಅವ್ವ, ಧಾರವಾಡದ ಅವ್ವ

ನನ್ನ ಮೊಮ್ಮಗಳು ಕೂತಲ್ಲಿ ಕೂರುವವಳಲ್ಲ. ಅದಕ್ಕೆ ಎಡಿಎಚ್‌ಡಿ ಎಂದು ಹೆಸರಿದೆಯೆಂದು ಡಾಕ್ಟರು ಹೇಳಿದ್ದರು. ಅದು ನಮಗೆ ಒಗ್ಗಿಯೂ ಹೋಗಿತ್ತು. ನಮ್ಮನ್ನು ಹೆದರಿಸಿದ್ದು ಅವಳ ಹೊಟ್ಟೆನೋವು. ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಯಾಕೆಂದು ಕೇಳಿದರೆ ಮಾತಿನ ಮಲ್ಲಿಯ ಬಾಯಿಗೆ ಬೀಗ. ಸ್ಕ್ಯಾನಿಂಗ್ ಮಾಡಿಸಿದೆವು, ದೃಷ್ಟಿ ತೆಗೆದೆವು, ನಂಗಲಿಗೆ ಹೋಗಿ ತಾಯತವನ್ನೂ ಕಟ್ಟಿಸಿದೆವು.

ಕೋಲಾರದ ಆಸ್ಪತ್ರೆಯೊಂದರಲ್ಲಿ ಇಂಥ ಮಕ್ಕಳ ಬಗ್ಗೆ ಸಂಶೋಧನೆ ನಡೆಯುತ್ತಿತ್ತು. ಚಂಚಲತೆಯ ಜೊತೆಗೆ ಭಯ, ಬೇಸರ ಇಂಥವೂ ಮನಸ್ಸಿನಲ್ಲಿ ಸೇರಿಕೊಂಡಿವೆಯೇ ಎಂದು ವಿಚಾರಿಸುತ್ತಾರಂತೆ. ಸೊಸೆಗೆ ರಜೆ ಸಿಗದೆ ಮೊಮ್ಮಗಳನ್ನು ಕರೆದುಕೊಂಡು ನಾನೇ ಹೋದೆ. ನರಸಾಪುರದ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ನಮ್ಮ ಜೊತೆ ಬಂದಿದ್ದ ಮಗ, ಮೂಲೆಯ ಕುರ್ಚಿಯಲ್ಲಿ ಕೂತದ್ದೇ ಗೊರಕೆ ಶುರು ಮಾಡಿದ.

ಪ್ರಶ್ನೆ ಕೇಳುವ ಹುಡುಗಿ ಧಾರವಾಡದವಳು. ಮೊಮ್ಮಗಳು ನನ್ನ ಸೆರಗು ಹಿಡಿದು “ಅವ್ವಾ, ಅವ್ವಾ” ಎಂದು ಎಳೆದಾಡುತ್ತಿದ್ದಳು. ತೆಲುಗು ಬೆರೆತ ನಮ್ಮ ಕಡೆ ಅವ್ವ ಅಂದರೆ ಅಜ್ಜಿ. ಅವರ ಕಡೆ ತಾಯಿಯಂತೆ. ಇದು ನನಗೇನು ಗೊತ್ತು?

“ನಿಮ್ಮ ಹೆರಿಗಿ ಹ್ಯಾಂಗಾತ್ರೀ?” ಎಂದು ಅವಳು ಕೇಳಿದಳು.

ಇಷ್ಟು ವರ್ಷದ ಮೇಲೆ ಒಬ್ಬರಾದರೂ ಕೇಳಿದರಲ್ಲ ಎಂದು ನನಗೆ ಹಿಗ್ಗೋ ಹಿಗ್ಗು!

“ಟೊಮೊಟೊ ಲಾರೀಲಮ್ಮ! ಮುಳಬಾಗಿಲು ಮುಟ್ಟಕ್ಕೆ ಮುಂಚೇನೇ ಆಗೋಯ್ತು. ಡ್ರೈವರ್ರು ಅವನ ಟವೆಲ್ಲೇ ಕೊಟ್ಟ, ಪುಣ್ಯಾತ್ಮ.”

ಹುಡುಗಿ ಗಾಬರಿಯಿಂದಲೇ ಬರೆದುಕೊಂಡಳು. “ಸುಮ್ನ ಕುಂದ್ರೂದು ಮೊದಲಿಂದನೂ ಇಲ್ಲೇನ್ರೀ?”

“ಎಲ್ಲಿಂದ ಬರ್ಬೇಕು? ಹುಣಸೇಮರ ಬಿಟ್ಟು ಇಳೀತಿರ್ಲಿಲ್ಲ. ಮೇಷ್ಟ್ರ ಸೈಕಲ್ ಕಂಡ್ರೆ ಸಾಕು, ಹೊಟ್ಟೆನೋವು ಅಂತ ಹುಲ್ಲಿನ ಬಣವೆ ಹಿಂದೆ ಅಡಗ್ಕೊಳ್ಳೋನು.”

ಪೆನ್ನು ನಿಂತಿತು. “ಅಡಗ್ಕೊಳ್ಳೋನು? ಈಕಿ ಹೆಣ್ಣು ಕೂಸಲ್ರೀ?”

“ಇವಳ್ಯಾಕೆ? ಅಲ್ಲಿ ಗೊರಕೆ ಹೊಡೀತಾವ್ನಲ್ಲ, ಅವನ್ನ ತಾನೇ ನಾನು ಹೆತ್ತಿದ್ದು!”

ಆ ಹುಡುಗಿ ತಲೆ ಹಿಡಿದುಕೊಂಡು ನಕ್ಕಳು. ಮೊಮ್ಮಗಳು ಮಾತ್ರ ನಗದೆ, ಓಡಿಹೋಗಿ ಅಪ್ಪನನ್ನು ಅಲುಗಾಡಿಸಿದಳು.

“ಅಪ್ಪಾ, ನಿಂಗೂ ಹೊಟ್ಟೆನೋವಾ? ಯಾಕಪ್ಪಾ?”

ಅರೆನಿದ್ದೆಯಲ್ಲಿ ಸುಳ್ಳು ಹೊಳೆಯುವುದಿಲ್ಲ. “ಮಗ್ಗಿ ಬರ್ತಿರ್ಲಿಲ್ಲ ಕಣೇ. ಎಲ್ರೂ ನಗ್ತಾರೆ ಅಂತ ಭಯ.”

“ನಂಗೂನೂ,” ಎಂದಳು ಅವಳು, ಮೆಲ್ಲಗೆ. “ಓದಕ್ಕೆ ನಿಲ್ಲಿಸ್ತಾರಲ್ಲ, ಸಾಲು ತಪ್ಪೋಗುತ್ತೆ. ನಗ್ತಾರೆ.”

ಡಾಕ್ಟರಮ್ಮ ಬಂದು ಅವಳ ಹತ್ತಿರ ತುಂಬ ಹೊತ್ತು ಮಾತಾಡಿದರು. ಇದು ಚಂಚಲತೆಯ ಜೊತೆಗೆ ಸೇರಿಕೊಂಡ ಆತಂಕ, ಇದಕ್ಕೂ ಚಿಕಿತ್ಸೆ ಇದೆ, ಟೀಚರ್ ಹತ್ತಿರವೂ ಮಾತಾಡೋಣ ಅಂದರು. ನನಗೆ ಅಲ್ಲೇ ಕುಣಿಯುವಷ್ಟು ಸಂತೋಷ. “ಹಂಗೇ ನನ್ನ ಮಗನ್ನೂ ಒಂದ್ಸಲ ನೋಡ್ಬಿಡಿ ತಾಯೀ,” ಅಂದೆ. ಮಗ ಎದ್ದು ಬಾಗಿಲು ದಾಟಿದ.

ಊರು ಬರುವವರೆಗೂ ಅಪ್ಪ ಮಗಳು ಯಾರ ಭಯ ದೊಡ್ಡದೆಂದು ಜಗಳವಾಡಿದರು. ಇಬ್ಬರಿಗೂ ಸೋಲುವ ಮನಸ್ಸಿರಲಿಲ್ಲ.